ಗಿರಣಿ ಮೇಲಿನ ರೆಕಾರ್ಡ್ ಲೇಬಲ್

(ಈ ಸಲ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದವರು ಬೆಂಗಳೂರಿನ ಒಬ್ಬ ಎಲೆಕ್ಟ್ರಾನಿಕ್ ಸಂಗೀತ ಪ್ರೊಡ್ಯೂಸರ್. ಸ್ವಂತದ್ದೊಂದು ಚಿಕ್ಕ ಲೇಬಲ್, ಅಂದರೆ ಸಂಗೀತ ಹೊರತರುವ ಸಂಸ್ಥೆ, ನಡೆಸುತ್ತಾರೆ.)

ಮಗ ಎಂಜಿನಿಯರಿಂಗ್ ಮುಗಿಸಿದ್ದಾನೆ. ಕೆಲಸಕ್ಕೆ ಹೋಗು ಅಂದರೆ ‘ಮ್ಯೂಸಿಕ್ ಪ್ರೊಡ್ಯೂಸರ್ ಆಗ್ತೀನಿ, ಲೇಬಲ್ ಶುರು ಮಾಡ್ತೀನಿ’ ಅನ್ನುತ್ತಾನೆ. ಹಾಡಲ್ಲ, ವಾದ್ಯ ನುಡಿಸಲ್ಲ, ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾನೆ. ಇದರಿಂದ ಹೊಟ್ಟೆ ತುಂಬುತ್ತದಾ?
– ಒಬ್ಬ ತಂದೆ, ಹಾಸನ

ನಮ್ಮ ತಂದೆಯೂ ಇದೇ ಪ್ರಶ್ನೆ ಕೇಳಿದ್ದರು ಸರ್, ಇನ್ನೂ ಸ್ವಲ್ಪ ಜೋರಾಗಿ. ಲೇಬಲ್‌ನಿಂದ ಹೊಟ್ಟೆ ತುಂಬುವುದಿಲ್ಲ. ನನ್ನ ಮನೆ ಬಾಡಿಗೆ ಬರುವುದು ಜಾಹೀರಾತುಗಳಿಗೆ ಮಾಡಿಕೊಡುವ ಮೂವತ್ತು ಸೆಕೆಂಡಿನ ಮ್ಯೂಸಿಕ್‌ನಿಂದ. ಲೇಬಲ್ ತನ್ನ ಖರ್ಚು ತಾನು ನೋಡಿಕೊಂಡರೆ ಆ ವರ್ಷ ಜೋರಾಗಿತ್ತು ಅಂತ ಲೆಕ್ಕ. ಪ್ರೊಡ್ಯೂಸರ್ ಅಂದರೆ ಸಿನಿಮಾದವರಲ್ಲಿ ದುಡ್ಡು ಹಾಕುವವರು ಅಲ್ವಾ? ನಮ್ಮಲ್ಲಿ ಸದ್ದು ಕಟ್ಟುವವನೂ ಅವನೇ, ದುಡ್ಡಿಲ್ಲದವನೂ ಅವನೇ.

ಇನ್ನು ಲೇಬಲ್. ಕವಿಗಳು ತಮ್ಮ ಪುಸ್ತಕಕ್ಕೆ ತಾವೇ ಪ್ರಕಾಶನ ಶುರು ಮಾಡಿ, ಆಮೇಲೆ ಗೆಳೆಯರ ಪುಸ್ತಕವನ್ನೂ ತರುತ್ತಾರಲ್ಲ, ಅದೇ ಇದು. ಟೆಕ್ನೋ ಅನ್ನುವ ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತ ಬೆಳೆದದ್ದೂ ಹೀಗೇ. ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಹ್ವಾನ್ ಆಟ್ಕಿನ್ಸ್ 1985ರಲ್ಲಿ ಮೆಟ್ರೋಪ್ಲೆಕ್ಸ್ ಅನ್ನುವ ಲೇಬಲ್ ಶುರು ಮಾಡಿದರು. ಮರು ವರ್ಷ ಅವರ ಶಾಲೆಯ ದಿನಗಳ ಗೆಳೆಯ ಡೆರಿಕ್ ಮೇ ಟ್ರಾನ್ಸ್‌ಮ್ಯಾಟ್ ಶುರು ಮಾಡಿದರು.

ವಾದ್ಯ ನುಡಿಸಲ್ಲ ಅಂದಿರಿ. ನಾನಿರುವುದು ಹನುಮಂತನಗರದಲ್ಲಿ, ಹಿಟ್ಟಿನ ಗಿರಣಿ ಮೇಲಿನ ಮನೆ. ಮೋಟರ್ ಹಾಕಿದರೆ ನೆಲ ಗುಂಯ್ ಅನ್ನುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್. ಆ ಗುಂಯ್ ಅದರ ಎರಡರಷ್ಟು, 100. ಎರಡು ವರ್ಷ ರೆಕಾರ್ಡಿಂಗ್‌ನಿಂದ ಅದನ್ನು ತೆಗೆಯಲು ಒದ್ದಾಡಿದೆ. ಆಮೇಲೆ ಸುಮ್ನೆ ಕೂತು ಕೇಳಿದೆ. ಗುಂಯ್ ತಂಬೂರಿ ಹಾಗೆ ಅಲ್ಲಾಡದೆ ನಿಂತಿರುತ್ತದೆ. ಅದರ ಮೇಲೆ ಕಲ್ಲಿನ ಸದ್ದು ಮಾತ್ರ ಬದಲಾಗುತ್ತದೆ: ರಾಗಿಗೆ ಒಂದು ಥರ, ಗೋಧಿಗೆ ಇನ್ನೊಂದು ಥರ, ಖಾಲಿ ಓಡುವಾಗ ಕಟಕಟ. ಗುಂಯ್ ಅನ್ನೇ ಷಡ್ಜ ಮಾಡಿಕೊಂಡು, ಕಟಕಟವನ್ನು ತಾಳಕ್ಕೆ ಕತ್ತರಿಸಿ, ಮೇಲೆ ತಗ್ಗುದನಿಯ ಬೇಸ್ ಕಟ್ಟಿದೆ. ಲೇಬಲ್‌ನ ಮೊದಲ ಟ್ರ್ಯಾಕ್ ಅದು. ಗಿರಣಿಯವರಿಗೆ ಕೇಳಿಸಿದೆ. ಪೂರ್ತಿ ಕೇಳಿ, “ಬೆಲ್ಟ್ ಬದಲಾಯಿಸಬೇಕು ಅಂತ ಈಗ ಗೊತ್ತಾಯ್ತು ನೋಡಿ” ಅಂದರು.

ಒಂದು ದಿನ ಮಗನ ಹೆಡ್‌ಫೋನ್ ಇಸಕೊಂಡು ನೀವೂ ಹಾಕಿಕೊಳ್ಳಿ ಸರ್. ಕೆಲಸಕ್ಕೂ ಹೋಗಲಿ, ಅದು ಬೇರೆ ಮಾತು.

ಗೆಳತಿ ಹಾಡಿ, ನಾನು ಬೀಟ್ ಕಟ್ಟಿ ಒಂದು ಟ್ರ್ಯಾಕ್ ಮಾಡಿದ್ದೇವೆ. ಹೊರಗೆ ತರುವುದು ಹೇಗೆ?
– ವಿದ್ಯಾರ್ಥಿನಿ, ವಿಜಯನಗರ

ಇವತ್ತೇ ಗೆಳತಿಯನ್ನು ದರ್ಶಿನಿಗೆ ಕರೆದುಕೊಂಡು ಹೋಗಿ, ಕಾಫಿ ಕುಡಿಯುತ್ತಾ ಯಾರಿಗೆ ಎಷ್ಟು ಪಾಲು ಅಂತ ಬರೆದು ಇಬ್ಬರೂ ಸಹಿ ಹಾಕಿ. ನಾನು ಹಾಕಿಸಿಕೊಳ್ಳಲಿಲ್ಲ. ನನ್ನದೊಂದು ಟ್ರ್ಯಾಕ್‌ಗೆ ಗೆಳೆಯನೊಬ್ಬ ನಾಲ್ಕು ಸಾಲು ಗುನುಗಿದ್ದ. ಒಂದು ಕಂಪನಿ ಆ ಟ್ರ್ಯಾಕ್ ಬೇಕು ಅಂದಾಗ ‘ಅರ್ಧ ನನ್ನದು’ ಅಂದ. ನಾನು ‘ಕಾಲು’ ಅಂದೆ. ಅಷ್ಟರಲ್ಲಿ ಕಂಪನಿಯವರು ಬೇರೆಯವರ ಹತ್ತಿರ ಹೋದರು. ಗೆಳೆಯ ಎರಡು ವರ್ಷ ಮಾತು ಬಿಟ್ಟ.

ಹಾಡಿನ ರಚನೆ ಒಂದು ಹಕ್ಕು, ಅದರ ರೆಕಾರ್ಡಿಂಗ್ ಇನ್ನೊಂದು ಹಕ್ಕು. ಸಾಹಿತ್ಯ, ರಾಗಸಂಯೋಜನೆ ಮಾಡಿದವರು ಐಪಿಆರ್‌ಎಸ್ ಅನ್ನುವ, ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಘದ ಸದಸ್ಯರಾದರೆ ರಚನೆಯ ರಾಯಲ್ಟಿ ಅಲ್ಲಿಂದ ಬರುತ್ತದೆ. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಗುರುತು ಬೇಕು. ಟ್ರ್ಯಾಕನ್ನು ಸ್ಪಾಟಿಫೈನಂಥ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಸಾಮಾನ್ಯವಾಗಿ ಅವರೇ ಹಾಕಿಕೊಡುತ್ತಾರೆ. ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಟ್ರ್ಯಾಕ್‌ಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಬ್ಯಾಂಡ್‌ಕ್ಯಾಂಪ್ ಅನ್ನುವ ವೆಬ್‌ಸೈಟ್‌ನಲ್ಲಿ ಕೇಳುಗರಿಗೆ ನೇರ ಮಾರಿದರೆ ಅವರು ಇಟ್ಟುಕೊಳ್ಳುವುದು ಶೇ. 15. ಅಲ್ಲಿ ಕೊಳ್ಳುವವರು ಕಡಿಮೆ, ಆದರೆ ಕೊಂಡವರು ನಿಜವಾಗಿ ಕೇಳುತ್ತಾರೆ. ನನಗೆ ಅದೇ ವಾಸಿ.

ಹಳೆಯ ಸಿನಿಮಾ ಹಾಡಿನ ತುಣುಕನ್ನು ಅನುಮತಿ ಕೇಳದೆ ಹಾಕಿದ್ದರೆ, ಈಗಲೇ ತೆಗೆಯಿರಿ.

ಮೂವತ್ತು ವರ್ಷ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದವನು ನಾನು. ನಿಮ್ಮದೆಲ್ಲ ವಿದೇಶಿ ಫ್ಯಾಷನ್ ಅಲ್ಲವೇ?
– ಓದುಗರು, ಮೈಸೂರು

ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಅಂತ ಇದ್ದರು ಸರ್. ಹಿಂದಿ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದವರು, ಮದುವೆಗಳಲ್ಲೂ ನುಡಿಸಿದವರು. ರೋಲ್ಯಾಂಡ್ ಕಂಪನಿಯ ಒಂದು ಸಿಂಥಸೈಜರ್, ಒಂದು ಬೇಸ್ ಮೆಷಿನ್, ಒಂದು ಡ್ರಮ್ ಮೆಷಿನ್ ಜೋಡಿಸಿಕೊಂಡು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬೀಟ್‌ಗೆ ಕೂರಿಸಿ ರೆಕಾರ್ಡ್ ತಂದರು. ಆಗ ಯಾರೂ ಜಾಸ್ತಿ ಕೊಳ್ಳಲಿಲ್ಲ. ಅದೇ ಬೇಸ್ ಮೆಷಿನ್‌ನ ನಾಬ್ ತಿರುವಿ ಶಿಕಾಗೋದ ಹುಡುಗರು ಆ್ಯಸಿಡ್ ಹೌಸ್ ಅನ್ನುವ ಡಾನ್ಸ್ ಸಂಗೀತದ ರೆಕಾರ್ಡ್ ತಂದದ್ದು 1987ರಲ್ಲಿ. ಸಿಂಗ್ ಅವರ ರೆಕಾರ್ಡ್ 2010ರಲ್ಲಿ ಮತ್ತೆ ಅಚ್ಚಾದಾಗ ಜಗತ್ತೇ ಹುಬ್ಬೇರಿಸಿತು.

ನಿಮ್ಮ ಹಳೆಯ ಕೀಬೋರ್ಡ್ ಇನ್ನೂ ಅಟ್ಟದ ಮೇಲಿದೆಯಾ? ಮಾರುವ ಮುಂಚೆ ನನಗೊಂದು ಕಾಗದ ಹಾಕಿ.