ಐದೂವರೆಯ ತಟ್ಟೆ

ಸಲ್ಲೇಖನದ, ಅಂದರೆ ಆಹಾರವನ್ನು ಕ್ರಮೇಣ ತೊರೆದು ಸಾವನ್ನು ಎದುರುಗೊಳ್ಳುವ ಜೈನ ವ್ರತದ ಮಾತನ್ನು ಹೊತ್ತು ಆಪ್ತಸಲಹೆಗೆಂದು ನನ್ನ ಬಳಿಗೆ ಬಂದ ಕುಟುಂಬಗಳಲ್ಲಿ ಇದು ಮೂರನೆಯದು. ಮೊದಲ ಎರಡು ಮನೆಗಳಲ್ಲಿ ಹಿರಿಯರು ಗುಣವಾಗದ ಕ್ಯಾನ್ಸರಿನ ಕೊನೆಯ ದಿನಗಳಲ್ಲಿದ್ದರು, ಮನೆಯವರ ಅಳುವಿಗೆ ಜೊತೆಯಾಗುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು. ಈ ಮೂರನೆಯ ಪ್ರಕರಣದಲ್ಲಿ ಅಂಥ ಕಾಯಿಲೆ ಯಾವುದೂ ಇರಲಿಲ್ಲ, ಆದ್ದರಿಂದಲೇ ಅದು ನನ್ನನ್ನು ಬಹಳ ದಿನ ಕಾಡಿತು. ಮನೆಯವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ತಾಯಿಗೆ ಎಂಬತ್ತು ದಾಟಿತ್ತು. ಘಟ್ಟದ ಕೆಳಗಿನ ಒಂದು ಊರಿನ ದಿಗಂಬರ ಜೈನ ಮನೆತನ. ಪತಿ ತೀರಿಕೊಂಡ ಮೇಲೆ ತೋಟವನ್ನು ಗೇಣಿಗೆ ಕೊಟ್ಟು, ಬೆಂಗಳೂರಿನಲ್ಲಿರುವ ಒಬ್ಬನೇ ಮಗನ ಮನೆಗೆ ಬಂದು ಮೂರು ವರ್ಷವಾಗಿತ್ತು. ಮಂಡಿನೋವು, ಹತೋಟಿಯಲ್ಲಿರುವ ಮಧುಮೇಹ, ಸ್ವಲ್ಪ ಕಿವಿ ಮಂದ. ಇಷ್ಟು ಬಿಟ್ಟರೆ ಮೈಯಲ್ಲಿ ದೊಡ್ಡ ತೊಂದರೆಯಿರಲಿಲ್ಲ. ಒಂದು ದಿನ ಬೆಳಿಗ್ಗೆ ಜಪ ಮುಗಿಸಿ ಎದ್ದವರು, ತಾನು ಸಲ್ಲೇಖನ ತೆಗೆದುಕೊಳ್ಳಬೇಕೆಂದಿದ್ದೇನೆ, ಮುನಿಗಳ ಬಳಿಗೆ ಕರೆದುಕೊಂಡು ಹೋಗು ಎಂದು ಮಗನಿಗೆ ಹೇಳಿದರು.

ಮಗ ಮೊದಲು ಒಬ್ಬರೇ ಬಂದರು. ಅವರು ಕೇಳಿದ ಮೊದಲ ಪ್ರಶ್ನೆ ತಾಯಿಯ ಬಗ್ಗೆ ಆಗಿರಲಿಲ್ಲ. "ನಾನು ಕರೆದುಕೊಂಡು ಹೋದರೆ ನನ್ನ ಮೇಲೆ ಕೇಸಾಗುತ್ತದೆಯೇ?" ಎಂದರು. ಈ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರಾ (ಸಲ್ಲೇಖನಕ್ಕೇ ಇನ್ನೊಂದು ಹೆಸರು) ವ್ರತವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿ, ವ್ರತ ಹಿಡಿದವರ ಮೇಲೆ ಭಾರತೀಯ ದಂಡ ಸಂಹಿತೆಯ ಆತ್ಮಹತ್ಯೆಯ ಯತ್ನದ 309ನೇ ಕಲಮನ್ನೂ ನೆರವಾದವರ ಮೇಲೆ ಪ್ರಚೋದನೆಯ 306ನೇ ಕಲಮನ್ನೂ ಹೂಡಬಹುದೆಂಬ ಸ್ಥಿತಿ ತಂದಿತ್ತು. ಜೈನ ಸಮಾಜ ದೇಶದುದ್ದಕ್ಕೂ ಬೀದಿಗಿಳಿಯಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು, ಸಾಯಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷೆಯಿಂದ ದೂರವಿಟ್ಟಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಆ ರೂಪದಲ್ಲಿ ಇಲ್ಲ, ಆದರೆ ಆತ್ಮಹತ್ಯೆಗೆ ಪ್ರಚೋದನೆ ನೀಡುವುದು ಈಗಲೂ ಅಪರಾಧವೇ. ಇಷ್ಟನ್ನು ಹೇಳಿ, ಉಳಿದದ್ದನ್ನು ವಕೀಲರಲ್ಲಿ ಕೇಳಿ ಎಂದೆ. ಅವರ ಮುಖ ಸ್ವಲ್ಪ ಹಗುರವಾಯಿತು. ತಾಯಿಗೆ ಈ ಯೋಚನೆ ಏಕೆ ಬಂದಿರಬಹುದೆಂದು ಕೇಳಿದಾಗ, "ಅದು ನಮ್ಮಲ್ಲಿ ಇದ್ದದ್ದೇ" ಎಂದು ಉತ್ತರಿಸಿದರು. ಆ ಉತ್ತರ ನನಗೆ ಹಿಡಿಸಲಿಲ್ಲ. ಸಂಪ್ರದಾಯದಲ್ಲಿ ಇದ್ದದ್ದೇ ಇರಬಹುದು, ಆದರೆ ಈ ತಾಯಿಯಲ್ಲಿ, ಈ ತಿಂಗಳು ಅದು ಏಕೆ ಎದ್ದಿತು ಎಂಬುದು ಬೇರೆಯೇ ಪ್ರಶ್ನೆ.

ಮನೋವೈದ್ಯರೊಬ್ಬರು ಅವರನ್ನು ನೋಡಬೇಕು ಮತ್ತು ಮಾತ್ರೆಗಳನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು ಎಂಬ ಎರಡು ಷರತ್ತು ಹಾಕಿ ನಾನು ಅವರ ಮನೆಗೆ ಹೋಗಲು ಒಪ್ಪಿದೆ. ಮಂಡಿನೋವಿನಿಂದ ಅವರು ನನ್ನಲ್ಲಿಗೆ ಬರುವಂತಿರಲಿಲ್ಲ. ಮೊದಲ ಎರಡು ಭೇಟಿಗಳಲ್ಲಿ ಅವರು ನನಗೆ ಧರ್ಮ ಹೇಳಿಕೊಟ್ಟರು, ನಾನು ಕಲಿತೆ. ಅವರ ಓದು ನನ್ನ ಓದಿಗಿಂತ ಬಹಳ ಮುಂದಿತ್ತು. ಪ್ರಾಚೀನ ಜೈನ ಆಚಾರ್ಯ ಸಮಂತಭದ್ರರು ಗೃಹಸ್ಥರ ನಡವಳಿಕೆಯನ್ನು ಹೇಳುವ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳು ನಾಲ್ಕು: ಉಪಸರ್ಗ (ಎರಗಿ ಬಂದ ವಿಪತ್ತು), ದುರ್ಭಿಕ್ಷ, ಮುಪ್ಪು, ರೋಗ. "ಮುಪ್ಪು ಅಲ್ಲಿ ಇದೆಯಲ್ಲ, ನನಗೆ ಇನ್ನೇನು ಬೇಕು?" ಎಂದರು. ಅದೇ ಶ್ಲೋಕದಲ್ಲಿ 'ನಿಃಪ್ರತೀಕಾರೇ' ಎಂಬ ಮಾತೂ ಇದೆ, ಅಂದರೆ ಪರಿಹಾರವೇ ಇಲ್ಲದಂಥ ಸ್ಥಿತಿ. ಆ ಮಾತು ರೋಗಕ್ಕೆ ಮಾತ್ರ ಸೇರುತ್ತದೆಯೋ ನಾಲ್ಕಕ್ಕೂ ಸೇರುತ್ತದೆಯೋ ಎಂದು ನಾವಿಬ್ಬರೂ ಅರ್ಧ ಗಂಟೆ ಚರ್ಚೆ ಮಾಡಿದೆವು. ಆಪ್ತಸಲಹೆಯ ಪಾಠದಲ್ಲಿ ಹೀಗೆ ಮಾಡಬೇಕೆಂದು ಯಾರೂ ಕಲಿಸುವುದಿಲ್ಲ. ಆದರೆ ಮಗನ ಮನೆಗೆ ಬಂದ ಮೇಲೆ ಯಾರೂ ಅವರೊಡನೆ ಇಷ್ಟು ಹೊತ್ತು ವಾದ ಮಾಡಿರಲಿಲ್ಲವೆಂದು ಅವರ ಕಣ್ಣುಗಳೇ ಹೇಳುತ್ತಿದ್ದವು.

ಮೂರನೆಯ ಭೇಟಿ ಸಂಜೆ ಐದರ ಹೊತ್ತಿಗೆ. ಹನ್ನೊಂದನೆಯ ಮಹಡಿಯ ಆ ಮನೆಯ ಕಿಟಕಿಗಳೆಲ್ಲ ಪೂರ್ವಕ್ಕೆ ಮುಖ ಮಾಡಿದ್ದವು, ಅಲ್ಲಿಂದ ಸೂರ್ಯ ಮುಳುಗುವುದು ಕಾಣುತ್ತಿರಲಿಲ್ಲ. ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಮನೆಗೂ ಸೂರ್ಯಾಸ್ತದ ಹೊತ್ತನ್ನು ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿಟ್ಟಿದ್ದರು. ರಾತ್ರಿಭೋಜನ ತ್ಯಾಗ ಅವರು ಮದುವೆಗೆ ಮುಂಚೆಯೇ ಹಿಡಿದ ವ್ರತ. ಮಗ ಸೊಸೆ ಇಬ್ಬರೂ ಕೆಲಸದಿಂದ ಬರುವುದು ಎಂಟರ ಮೇಲೆ. ಅಡುಗೆಯಾಕೆ ಎರಡೂವರೆಗೇ ಚಪಾತಿ, ಪಲ್ಯ ಮಾಡಿ, ಒಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಹೋಗುತ್ತಿದ್ದಳು. ಐದೂವರೆಯಾಯಿತು. ಅವರು ಗೋಡೆ ಹಿಡಿದು ಎದ್ದು, ಬಟ್ಟೆಯಲ್ಲಿ ನೀರು ಸೋಸಿ, ಮುಚ್ಚಿದ ತಟ್ಟೆ ತೆಗೆದು, ತಣ್ಣಗಾಗಿ ಅಂಚು ಬಿರುಸಾದ ಚಪಾತಿಯನ್ನು ಮುರಿಯತೊಡಗಿದರು. ಪಲ್ಯದ ಎಣ್ಣೆ ತಟ್ಟೆಗೆ ಅಂಟಿ ಬಿಳಿಚಿತ್ತು. ನಾನು ಏನೂ ಕೇಳಿರಲಿಲ್ಲ. ಅವರೇ ಹೇಳಿದರು: "ನಾನು ಆಹಾರ ಬಿಟ್ಟರೆ ಈ ಮನೆಯಲ್ಲಿ ಐದೂವರೆಗೆ ಯಾರೂ ತಟ್ಟೆ ಮುಚ್ಚಿಡಬೇಕಾಗಿಲ್ಲ."

ಅಷ್ಟು ಹೇಳಿ ಮತ್ತೆ ಊಟಕ್ಕೆ ತೊಡಗಿದರು. ಅವರ ದನಿಯಲ್ಲಿ ದೂರಿರಲಿಲ್ಲ, ಬದಲಿಗೆ ಲೆಕ್ಕ ಒಪ್ಪಿಸುವವರ ಸಮಾಧಾನವಿತ್ತು.

ಊಟ ಮುಗಿಯುವವರೆಗೂ ನಾನು ಮಾತನಾಡಲಿಲ್ಲ. ಆಮೇಲೆ, ಸಲ್ಲೇಖನಕ್ಕೆ ಐದು ಅತಿಚಾರಗಳಿವೆಯಂತೆ, ಅಂದರೆ ವ್ರತವನ್ನು ಕೆಡಿಸುವ ದೋಷಗಳು, ಅವು ಯಾವುವು ಎಂದು ಕೇಳಿದೆ. ನನಗೆ ಗೊತ್ತಿತ್ತು, ಹಿಂದಿನ ರಾತ್ರಿಯೇ ಓದಿಕೊಂಡಿದ್ದೆ. ಗೊತ್ತಿದ್ದೂ ಕೇಳಿದ್ದು ಸರಿಯೇ ಎಂಬ ಅಳುಕು ಈಗಲೂ ನನಗಿದೆ. ಅವರು ಬಲಗೈ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಇಡುತ್ತಾ ಜೈನರ ಮೂಲ ಶಾಸ್ತ್ರಗ್ರಂಥಗಳಲ್ಲೊಂದಾದ ತತ್ತ್ವಾರ್ಥಸೂತ್ರದ ಕ್ರಮದಲ್ಲೇ ಹೇಳತೊಡಗಿದರು: ಜೀವಿತಾಶಂಸೆ, ಅಂದರೆ ಇನ್ನೂ ಬದುಕಬೇಕೆಂಬ ಆಸೆ, ಮರಣಾಶಂಸೆ, ಬೇಗ ಸಾವು ಬರಲಿ ಎಂಬ ಆಸೆ. ಮುಂದೆ ಮಿತ್ರಾನುರಾಗ (ಗೆಳೆಯರ ಮೇಲಿನ ಮೋಹ), ಸುಖಾನುಬಂಧ (ಹಿಂದಿನ ಸುಖಗಳ ನೆನಪು), ನಿದಾನ (ಮುಂದೆ ಭೋಗ ಸಿಗಲೆಂಬ ಬಯಕೆ) ಎಂದು ಹೇಳಬೇಕಿತ್ತು. ಹೆಬ್ಬೆರಳು ಎರಡನೆಯ ಗೆಣ್ಣಿನ ಮೇಲೆಯೇ ನಿಂತಿತು. ಬಹಳ ಹೊತ್ತಿನ ಮೇಲೆ, "ಇದು ನನ್ನಲ್ಲಿ ಇದೆ" ಎಂದರು.

ಈ ಒಂದು ಗಳಿಗೆಯನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಹೊರಗಿನವರು ಸಲ್ಲೇಖನವನ್ನು ಆತ್ಮಹತ್ಯೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಒಳಗಿನವರು ಅದು ಧರ್ಮ ಎಂದು ಅಷ್ಟೇ ಬೇಗ ಮುಗಿಸುತ್ತಾರೆ. ಇಬ್ಬರಿಗೂ ಆ ಶಾಸ್ತ್ರದಲ್ಲಿ ಏನಿದೆಯೆಂದು ನೋಡುವ ವ್ಯವಧಾನವಿರುವುದಿಲ್ಲ. ವ್ರತ ಹಿಡಿಯುವವರು ಸ್ನೇಹ, ವೈರ ಎರಡನ್ನೂ ಬಿಟ್ಟು, ಬಂಧುಗಳನ್ನೂ ಮನೆಯ ಆಳುಕಾಳುಗಳನ್ನೂ ಕ್ಷಮಿಸಿ, ಒಳ್ಳೆಯ ಮಾತಿನಿಂದ ಅವರ ಕ್ಷಮೆಯನ್ನೂ ಕೇಳಬೇಕೆಂದು ಸಮಂತಭದ್ರರು ಹೇಳುತ್ತಾರೆ. ಶೋಕ, ಭಯ, ಅವಸಾದಗಳನ್ನು ಕಳೆದುಕೊಳ್ಳಬೇಕೆಂದೂ ಹೇಳುತ್ತಾರೆ. ಈ ಅವಸಾದ ಎಂಬ ಪದವನ್ನೇ ಇಂದು ಹಿಂದಿಯಲ್ಲಿ ಖಿನ್ನತೆಗೆ ಬಳಸುತ್ತಾರೆ. ಮನೋವೈದ್ಯರು ತಮ್ಮ ಪ್ರಶ್ನಾವಳಿ ಹಿಡಿದು ಹುಡುಕಿದ್ದೂ ಅದನ್ನೇ, ಅವರಿಗೆ ಸಿಕ್ಕಿದ್ದೂ ಅದೇ; ಸೌಮ್ಯ ಪ್ರಮಾಣದಲ್ಲಿ, ಆದರೆ ನಿಜವಾಗಿ ಇತ್ತು. ಚಿಕಿತ್ಸೆ ಶುರುವಾಯಿತು.

ನಾನು ಕೊಟ್ಟ ಸಲಹೆ ತಾಯಿಗೆ ಒಂದು, ಮಗ ಸೊಸೆಗೆ ಇನ್ನೊಂದು. ತಾಯಿಗೆ, ನಿಮ್ಮ ಕೋರಿಕೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಆದರೆ ಎರಡನೆಯ ಗೆಣ್ಣು ದಾಟುವವರೆಗೆ ಅದನ್ನು ಮುಂದಕ್ಕೆ ಹಾಕಿ, ಮತ್ತು ಮುನಿಗಳ ಬಳಿ ಹೋದಾಗ ಮಂಡಿನೋವಿನ ಜೊತೆಗೆ ಈ ತಟ್ಟೆಯ ವಿಷಯವನ್ನೂ ಮುಚ್ಚಿಡದೆ ಹೇಳಿ ಎಂದೆ. ಗುರುವಿನ ಅನುಮತಿಯಿಲ್ಲದೆ ಈ ವ್ರತವಿಲ್ಲ ಎಂಬುದು ಅವರಿಗೇ ಗೊತ್ತಿತ್ತು. ಮಗ ಸೊಸೆಗೆ, ಕಾನೂನಿನ ಮಾತನ್ನು ತಾಯಿಯೆದುರು ಇನ್ನು ಎತ್ತಬೇಡಿ, ವಾರದಲ್ಲಿ ಎರಡು ದಿನವಾದರೂ ಯಾರಾದರೊಬ್ಬರು ಐದೂವರೆಗೆ ಅವರೊಡನೆ ಕುಳಿತು ಬಿಸಿ ಊಟ ಮಾಡಿ ಎಂದೆ. ಸೊಸೆ ಅತ್ತರು. ಅವರು ಕೆಟ್ಟವರಲ್ಲ. ಅತ್ತೆಯ ವ್ರತಕ್ಕೆ ಭಂಗ ಬಾರದಿರಲೆಂದೇ ಆ ವ್ಯವಸ್ಥೆ ಮಾಡಿದ್ದರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಅಡುಗೆಯಾಕೆಯನ್ನು ಹುಡುಕಲು ಎರಡು ತಿಂಗಳು ಅಲೆದಿದ್ದರು. ವ್ರತವನ್ನು ಅಷ್ಟು ಚೆನ್ನಾಗಿ ಕಾಪಾಡಿದ ಮನೆಯಲ್ಲಿ ವ್ರತಿಯ ಎದುರು ಕೂರುವವರು ಇರಲಿಲ್ಲ.

ಈ ಸಲಹೆಗೆ ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಸಾಯುವ ಮಾತನ್ನು ಆಡಿದವರ ಜೊತೆ ಶ್ಲೋಕದ ಅರ್ಥ ಚರ್ಚಿಸುವುದು ಅಪಾಯ, ಮೊದಲ ದಿನವೇ ಇದನ್ನು ಖಿನ್ನತೆ ಎಂದು ಹೇಳಿಬಿಡಬೇಕಿತ್ತು ಎಂಬುದು ಅವರ ವಾದ. ಮನೋವೈದ್ಯರ ಷರತ್ತನ್ನು ನಾನು ಮೊದಲ ದಿನವೇ ಹಾಕಿದ್ದೆ ಎಂಬುದನ್ನು ಅವರಿಗೆ ನೆನಪಿಸಿದೆ. ಆದರೆ ಆ ತಾಯಿಗೆ ಖಿನ್ನತೆ ಎಂಬ ಪದ ಹೇಳಿದ್ದರೆ, ಮಗನ ಮನೆಯವರು ನನ್ನ ಧರ್ಮಕ್ಕೆ ಮಾತ್ರೆ ಕೊಡಿಸಿದರು ಎಂದುಕೊಂಡು ಬಾಗಿಲು ಮುಚ್ಚುತ್ತಿದ್ದರು. ಮರಣಾಶಂಸೆ ಎಂಬ ಪದವನ್ನು ಅವರೇ ಆಡಿದರು, ಅದು ಅವರದೇ ಮನೆಯ ಮಾತು, ಆದ್ದರಿಂದ ಒಪ್ಪಿಕೊಂಡರು. ಇನ್ನೊಂದು ಕಡೆಯಿಂದ ಆ ತಾಯಿಯ ಬಂಧುವೊಬ್ಬರು ಫೋನು ಮಾಡಿ, ಅಜೈನರು ಇಂಥದ್ದರಲ್ಲಿ ತಲೆಹಾಕಬಾರದು, ಶ್ರವಣಬೆಳಗೊಳದ ಚಂದ್ರಗಿರಿಯ ಸಲ್ಲೇಖನದ ಶಾಸನಗಳನ್ನು ಒಮ್ಮೆ ಓದಿಕೊಂಡು ಬನ್ನಿ ಎಂದರು.

ಓದಿದ್ದೇನೆ. ಚಂದ್ರಗಿರಿಯಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ. ಹನ್ನೆರಡನೆಯ ಶತಮಾನದಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಾಗ, ತಾಯಿ ಮಾಚಿಕಬ್ಬೆ ತಾನು ಉಳಿಯಲಾರೆನೆಂದು ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಸಮಾಧಿ ಹೊಂದಿದಳೆಂದು ಅಲ್ಲಿಯ ಶಾಸನ ಹೇಳುತ್ತದೆ. ಆ ಬಂಧುವಿಗೆ ಅದು ಹೆಮ್ಮೆಯ ಸಾಲು. ನಾನು ಅದನ್ನು ಓದಿದಾಗಲೆಲ್ಲ, ಮಗಳನ್ನು ಕಳೆದುಕೊಂಡ ಆ ತಾಯಿಯ ಶೋಕ ಆ ತಿಂಗಳಲ್ಲಿ ಕರಗಿತ್ತೇ ಎಂದು ಯೋಚಿಸುತ್ತೇನೆ. ಕಲ್ಲು ಅದನ್ನು ಹೇಳುವುದಿಲ್ಲ. ಮಾಚಿಕಬ್ಬೆ ನನ್ನೆದುರು ಕುಳಿತಿದ್ದರೆ ನಾನು ಏನು ಹೇಳುತ್ತಿದ್ದೆನೋ ತಿಳಿಯದು, ಆದರೆ ಅವಸರ ಬೇಡ ಎಂದಂತೂ ಹೇಳುತ್ತಿದ್ದೆ.

ಓದುಗರಲ್ಲಿ ಯಾರ ಮನೆಯಲ್ಲಾದರೂ ಹಿರಿಯರು ಇಂಥ ಮಾತಾಡಿದ್ದರೆ, ವಕೀಲರಿಗೂ ಮಠಕ್ಕೂ ಫೋನು ಮಾಡುವ ಮೊದಲು ಅವರ ದಿನಚರಿಯನ್ನು ಒಮ್ಮೆ ಬರೆದು ನೋಡಿ, ಯಾವ ಹೊತ್ತಿಗೆ ಯಾರೊಡನೆ ಎಷ್ಟು ಮಾತಾಡುತ್ತಾರೆ ಎಂದು. ಸಾಯುವ ಬಯಕೆ ಯಾವ ಹೆಸರಿನಲ್ಲಿ ಬಂದರೂ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಕೊನೆಗಾಲದಲ್ಲಿ ಯಂತ್ರಗಳಿಗೆ ಕಟ್ಟಿಹಾಕಬೇಡಿ ಎಂಬುದಷ್ಟೇ ಅವರ ಆಸೆಯಾಗಿದ್ದರೆ, ಅದಕ್ಕೆ ಬೇರೆ ದಾರಿಯಿದೆ. 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿ, 2023ರಲ್ಲಿ ಸರಳಗೊಳಿಸಿದ ಮುಂಗಡ ವೈದ್ಯಕೀಯ ಇಚ್ಛಾಪತ್ರವನ್ನು ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿಯಿಂದ ದೃಢಪಡಿಸಿಕೊಳ್ಳಬಹುದು. ಈ ತಾಯಿ ಅದನ್ನು ಸಂತೋಷದಿಂದ ಬರೆಸಿದರು.

ಮುನಿಗಳು ಅನುಮತಿ ಕೊಡಲಿಲ್ಲ. ಸಣ್ಣ ಸಣ್ಣ ತ್ಯಾಗಗಳನ್ನು ಅಭ್ಯಾಸ ಮಾಡಿ, ಮನೆಯ ಮಕ್ಕಳಿಗೆ ಪಾಠ ಹೇಳಿ ಎಂದು ಕಳುಹಿಸಿದರಂತೆ. ಏಳು ತಿಂಗಳ ನಂತರ ಮಗ ಗಾಬರಿಯಿಂದ ಕರೆ ಮಾಡಿದರು: "ಅಮ್ಮ ಬೆಲ್ಲ ಬಿಟ್ಟಿದ್ದಾರೆ. ಮತ್ತೆ ಅದೇ ಶುರುವಾಯಿತೇ?" ಮಧುಮೇಹದವರು ಬೆಲ್ಲ ಬಿಟ್ಟರೆ ವೈದ್ಯರು ಸಂತೋಷಪಟ್ಟಾರು ಎಂದು ನಾನು ನಕ್ಕೆ, ಅವರು ನಗಲಿಲ್ಲ. ಐದೂವರೆಯ ಊಟ ನಡೆಯುತ್ತಿದೆಯೇ ಎಂದು ಕೇಳಿದೆ. ಮಂಗಳವಾರ, ಶುಕ್ರವಾರ ತಾವು, ಶನಿವಾರ ಹೆಂಡತಿ ಎಂದರು. ಹಾಗಾದರೆ ಬೆಲ್ಲ ಏಕೆ ಬಿಟ್ಟಿರೆಂದು ಇವತ್ತು ಊಟಕ್ಕೆ ಕುಳಿತಾಗ ಅಮ್ಮನನ್ನೇ ಕೇಳಿ ಎಂದೆ. ಅಂದು ಶುಕ್ರವಾರವಾಗಿತ್ತು.