ಹಳೆಯ ಹೆಂಚಿನ ಮನೆಯ ಹೊರಗೋಡೆಗೆ ಯಾವ ಬಣ್ಣ ಹೊಡೆಸಿದರೆ ಹೊಸತಾಗಿ ಕಾಣುತ್ತದೆ?

ಶೇಡ್ ಕಾರ್ಡ್ ತೆರೆಯುವ ಮೊದಲು ಮನೆಯನ್ನೇ ಒಮ್ಮೆ ನೋಡಿ. ಹೆಂಚಿನ ಕೆಂಪು, ಬಾಗಿಲು-ಕಿಟಕಿಯ ಮರ, ಜಗಲಿಯ ರೆಡ್ ಆಕ್ಸೈಡ್ ನೆಲ ಇವನ್ನು ನೀವು ಬದಲಾಯಿಸುವುದಿಲ್ಲ. ಗೋಡೆ ಅವಕ್ಕೆ ಹೊಂದಬೇಕು. ಕೆನೆಬಣ್ಣ, ತಿಳಿ ಹಳದಿ, ಮಾಸಲು ಬಿಳಿ ಕೆಂಪು ಹೆಂಚಿನ ಕೆಳಗೆ ಚೆನ್ನಾಗಿ ಕೂರುತ್ತವೆ. ಈಗ ಎಲ್ಲರೂ ಹೊಡೆಸುವ ಕಡುಬೂದು ನನಗಂತೂ ಹೆಂಚಿನ ಮನೆಗೆ ಒಪ್ಪುವುದಿಲ್ಲ. ಮನೆ ಮಂಕಾಗುತ್ತದೆ, ಬೇಸಿಗೆಯಲ್ಲಿ ಗೋಡೆ ಹೆಚ್ಚು ಕಾಯುತ್ತದೆ ಕೂಡ.

ನೇರಳೆ, ಕಿತ್ತಳೆಯಂಥ ಗಾಢ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ. ಕಾವಿ, ಮಣ್ಣುಹಳದಿ ಬಣ್ಣಗಳಿಗೆ ಕಬ್ಬಿಣದ ಆಕ್ಸೈಡ್ ಬಳಸಿದ್ದರೆ ಹೆಚ್ಚು ಕಾಲ ನಿಲ್ಲುತ್ತವೆ. ಮಳೆ ಹೆಚ್ಚಿರುವ ಊರಾದರೆ ನೆಲದಿಂದ ಎರಡಡಿಯವರೆಗೆ ಕಾವಿ ಪಟ್ಟಿ ಹೊಡೆಸಿ. ಸೂರಿನ ನೀರು ಸಿಡಿಸುವ ಕೆಸರು ಅದರಲ್ಲಿ ಎದ್ದು ಕಾಣುವುದಿಲ್ಲ. ನಮ್ಮ ಹಿರಿಯರು ಇದನ್ನು ಬರೀ ಅಂದಕ್ಕೆ ಮಾಡಿರಲಿಲ್ಲ.

ಬಣ್ಣಕ್ಕಿಂತ ಮುಖ್ಯವಾದದ್ದು ಗೋಡೆಯ ಗಾರೆ. ಸುಣ್ಣದ ಗಾರೆಯ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತಿರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪದರದಂಥ ಎಮಲ್ಷನ್ ಬಳಿದರೆ ತೇವ ಸಿಕ್ಕಿಕೊಂಡು ಬಣ್ಣ ಗುಳ್ಳೆ ಎದ್ದು, ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅಂಥ ಗೋಡೆಗೆ ಬಣ್ಣ ಬೆರೆಸಿದ ಸುಣ್ಣವೇ ಸರಿ. ಸಿಮೆಂಟ್ ಗಾರೆಯಾದರೆ ಬಿರುಕು ಮುಚ್ಚಿಸಿ, ಪ್ರೈಮರ್ ಹಚ್ಚಿಸಿ, ಹೊರಗೋಡೆಯ ಎಮಲ್ಷನ್ ಹೊಡೆಸಬಹುದು.

ಡಬ್ಬಗಟ್ಟಲೆ ಕೊಳ್ಳುವ ಮುಂಚೆ ಗೋಡೆಯ ಮೇಲೇ ಎರಡು ಮೂರು ಶೇಡ್ ಬಳಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ದೊಡ್ಡ ಗೋಡೆಯ ಮೇಲೆ ಬಣ್ಣ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಢಾಳಾಗಿ ಕಾಣುವುದರಿಂದ ಒಂದು ಛಾಯೆ ತಿಳಿಯಾದದ್ದನ್ನೇ ಆರಿಸಿ. ಕೆಲಸವನ್ನು ಮಳೆಗಾಲ ಮುಗಿದ ಕೂಡಲೇ ಶುರುಮಾಡಬೇಡಿ, ಗೋಡೆ ಪೂರ್ತಿ ಒಣಗಲಿ.