ಖಾತೆಗೆ ಬೀಳುವ ಎರಡು ಸಾವಿರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗೃಹಲಕ್ಷ್ಮಿ ತಿಂಗಳಿಗೆ 2,000 ರೂಪಾಯಿ. ಪಿಎಂ ಕಿಸಾನ್ ವರ್ಷಕ್ಕೆ 6,000, ಎರಡೆರಡು ಸಾವಿರದ ಮೂರು ಕಂತು. ಯಾರಿಗೆ ಸಿಗಬೇಕು ಎಂಬುದಕ್ಕೆ ನಿಯಮಗಳಿವೆ. ಸಿಕ್ಕ ಮೇಲೆ ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ. ಸಣ್ಣ ಹಿಡುವಳಿಯ ಮನೆಯಲ್ಲಿ ಈ ಹಣ ಏನು ಮಾಡಬಲ್ಲದು ಎಂದು ಮಂಡ್ಯ, ಮೈಸೂರು ಜಿಲ್ಲೆಗಳ ಓದುಗರು ಕೇಳಿರುವ ಕೆಲವು ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ: ನಮಗೆ ಒಂದೂವರೆ ಎಕರೆ ಗದ್ದೆ. ಮನೆಯವರು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ 20,000 ಕೈಸಾಲ ತಂದಿದ್ದಾರೆ. ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಹಸು ತರೋಣ ಅಂತೀನಿ ನಾನು. ಮೊದಲು ಸಾಲ ತೀರಲಿ ಅಂತಾರೆ ಅವರು. ಯಾರ ಮಾತು ಸರಿ?
(ರೈತ ಮಹಿಳೆ, ಪಾಂಡವಪುರ ತಾಲ್ಲೂಕು)

ಉತ್ತರ: ಈ ಸಲ ಮನೆಯವರ ಮಾತೇ ಸರಿ, ಅಮ್ಮ. ನೂರಕ್ಕೆ ಮೂರು ಎಂದರೆ ತಿಂಗಳಿಗೆ 600, ವರ್ಷಕ್ಕೆ 7,200. ಪಿಎಂ ಕಿಸಾನಿನ ಮೂರೂ ಕಂತು ಸೇರಿಸಿದರೂ ಬಡ್ಡಿಗೇ ಸಾಲದು, ಅಸಲು ಹಾಗೇ ನಿಂತಿರುತ್ತದೆ. ಅದೇ ಗೃಹಲಕ್ಷ್ಮಿಯ 2,000ವನ್ನು ಪ್ರತಿ ತಿಂಗಳು ಕಟ್ಟುತ್ತಾ ಬಂದರೆ ಮೊದಲ ತಿಂಗಳು 600 ಬಡ್ಡಿಗೆ, 1,400 ಅಸಲಿಗೆ ಹೋಗುತ್ತದೆ. ಮುಂದಿನ ತಿಂಗಳ ಬಡ್ಡಿ 558. ಹೀಗೆ ಇಳಿಯುತ್ತಾ ಹೆಚ್ಚುಕಡಿಮೆ ಹನ್ನೆರಡು ತಿಂಗಳಿಗೆ ಸಾಲ ಮುಗಿಯುತ್ತದೆ. ಒಟ್ಟು ಬಡ್ಡಿ 4,100ರ ಆಸುಪಾಸು.

ಎಡವಟ್ಟಾಗುವುದು ಒಂದೇ ಕಡೆ. ಕೊಟ್ಟ ದುಡ್ಡನ್ನೆಲ್ಲ ‘ಬಡ್ಡಿಗೆ ಬಂತು’ ಎಂದು ಬರೆದುಕೊಳ್ಳುವವರಿದ್ದಾರೆ. ಪ್ರತಿ ಸಲ ತಾರೀಖು, ಬಡ್ಡಿ, ಅಸಲು, ಉಳಿದ ಬಾಕಿ ಎಂದು ನಾಲ್ಕನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಿಡಿಬಿಡಿಯಾಗಿ ಅಸಲು ಮುಟ್ಟಿಸಿಕೊಳ್ಳಲು ಒಪ್ಪದಿದ್ದರೆ, ಬಡ್ಡಿ ಮಾತ್ರ ಕೊಡುತ್ತಾ ಉಳಿದದ್ದನ್ನು ಅಂಚೆ ಕಚೇರಿ ಖಾತೆಯಲ್ಲಿ ಸೇರಿಸಿ, ಐದು ಸಾವಿರವಾದಾಗ ಒಟ್ಟಿಗೆ ಕೊಡಿ. ಸಾಲ ತೀರಿದ ದಿನ ಪ್ರಾಮಿಸರಿ ನೋಟು, ಖಾಲಿ ಚೆಕ್ ಏನೇ ಕೊಟ್ಟಿದ್ದರೂ ವಾಪಸ್ ಪಡೆಯದೆ ಬರಬೇಡಿ. ಬೆಳೆ ಸಾಲಕ್ಕೆ ಸೊಸೈಟಿಯಲ್ಲಿ ಈಗ 5 ಲಕ್ಷದವರೆಗೆ ಬಡ್ಡಿಯಿಲ್ಲ, ಗಡುವಿನೊಳಗೆ ಕಟ್ಟಿದರೆ ಮಾತ್ರ. ಮುಂದಿನ ಬೆಳೆಗೆ ಕೈಸಾಲದ ಬದಲು ಅಲ್ಲಿ ವಿಚಾರಿಸಿ.

ಹಸುವಿನ ವಿಷಯ. ದಿನಕ್ಕೆ ಹತ್ತು ಲೀಟರ್ ಕರೆಯುವ ಮಿಶ್ರತಳಿ ಹಸುವಿಗೆ 25ರಿಂದ 30 ಕಿಲೋ ಹಸಿ ಮೇವು, 5–6 ಕಿಲೋ ಒಣ ಹುಲ್ಲು ಬೇಕು. ಹಿಂಡಿ–ಫೀಡು ಮೈಗೆ ಒಂದೂವರೆ ಕಿಲೋ, ಹಾಲಿಗೆ ಲೀಟರಿಗೆ 400 ಗ್ರಾಂ. ಒಟ್ಟು ಐದೂವರೆ ಕಿಲೋ. ಗಬ್ಬದ ಕೊನೆಯ ಎರಡು ತಿಂಗಳು ಹಾಲಿಲ್ಲ, ಮೇವು ಮಾತ್ರ ಇದ್ದದ್ದೇ. ಬದುವಿನಲ್ಲಿ ಸೀಮೆಹುಲ್ಲು ಬೆಳೆಯದೆ ಹಸು ತಂದರೆ ಡೇರಿಯಿಂದ ಬಂದದ್ದು ಮೇವಿನ ಅಂಗಡಿಗೆ ಹೋಗುತ್ತದೆ. ಸಾಲ ತೀರಿಸುವ ಈ ವರ್ಷದಲ್ಲಿ ಹುಲ್ಲಿನ ಕಡ್ಡಿ ನೆಟ್ಟುಕೊಂಡಿರಿ. ಗೃಹಲಕ್ಷ್ಮಿಯನ್ನೇ ನಂಬಿ ಕಂತಿನ ಸಾಲದ ಮೇಲೆ ಹಸು ತರಬೇಡಿ. ಸರ್ಕಾರದ ಹಣ ಎರಡು ಮೂರು ತಿಂಗಳು ತಡವಾಗುವುದುಂಟು, ಸಾಲದ ಕಂತು ಕಾಯುವುದಿಲ್ಲ.

ಪ್ರಶ್ನೆ: ಸುಮ್ಮನೆ ದುಡ್ಡು ಕೊಟ್ಟು ಜನರನ್ನ ಸೋಮಾರಿ ಮಾಡಿದ್ದಾರೆ. ನಾಟಿಗೆ ಆಳೇ ಸಿಗಲ್ಲ. ಗಂಡಸರು ಅದರಲ್ಲೇ ಕುಡೀತಾರೆ. ನೀವು ಇದನ್ನ ಯಾಕೆ ಬರೆಯಲ್ಲ?
(ಓದುಗರು, ಮದ್ದೂರು)

ಉತ್ತರ: ಬರೆಯೋಣ, ಲೆಕ್ಕ ಹಾಕಿಯೇ ಬರೆಯೋಣ. ತಿಂಗಳಿಗೆ 2,000 ಎಂದರೆ ದಿನಕ್ಕೆ 66 ರೂಪಾಯಿ. ಕರ್ನಾಟಕದಲ್ಲಿ ನರೇಗಾ ಕೂಲಿ 2025–26ರಲ್ಲಿ ದಿನಕ್ಕೆ 370 ಇತ್ತು. ಆ ಲೆಕ್ಕದಲ್ಲಿ ಇದು ಐದೂವರೆ ದಿನದ ಕೂಲಿಯೂ ಅಲ್ಲ. ಇಷ್ಟಕ್ಕೆ ಒಂದು ಕುಟುಂಬ ತಿಂಗಳಿಡೀ ಕೈಕಟ್ಟಿ ಕೂರುತ್ತದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ನಾಟಿಗೆ ಆಳು ಸಿಗದಿರುವುದಕ್ಕೆ ವಿಶ್ವೇಶ್ವರಯ್ಯ ನಾಲೆಯನ್ನೂ ನೋಡಬೇಕು: ನೀರು ಬಿಟ್ಟ ಮೇಲೆ ಇಡೀ ಅಚ್ಚುಕಟ್ಟಿನವರಿಗೆ ಅದೇ ಎರಡು ಮೂರು ವಾರದಲ್ಲಿ ಆಳು ಬೇಕು.

ಒಂದು ಬದಲಾವಣೆ ಮಾತ್ರ ನಿಜ. ಮಧ್ಯಪ್ರದೇಶದಲ್ಲಿ 2011–12ರಲ್ಲಿ ಮಹಿಳಾ ಸಂಘಟನೆ ‘ಸೇವಾ’, ಯುನಿಸೆಫ್ ನೆರವಿನಿಂದ ಕೆಲವು ಹಳ್ಳಿಗಳ ಎಲ್ಲರಿಗೂ ಷರತ್ತಿಲ್ಲದೆ ಹಣ ಕೊಟ್ಟು ನೋಡಿತು. ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100. ಆಮೇಲೆ 300 ಮತ್ತು 150. ಅಲ್ಲಿ ಜನ ಕೆಲಸ ಬಿಡಲಿಲ್ಲ, ಕೂಲಿ ಕಡಿಮೆ ಮಾಡಿ ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು; ಬೀಜ, ಗೊಬ್ಬರ, ಆಡು–ಕೋಳಿಗೆ ಹಾಕಿದರು. ಕೂಲಿಗೆ ಕರೆಯುವವರಿಗೆ ಇದು ಕಷ್ಟವೇ, ಅಲ್ಲವೆನ್ನುವುದಿಲ್ಲ. ಆದರೆ ಅರ್ಧ ಎಕರೆಯವಳು ತನ್ನ ಗದ್ದೆಯ ನಾಟಿ ಮುಗಿಸಿ ನಿಮ್ಮಲ್ಲಿಗೆ ಬಂದರೆ ಅದನ್ನು ಸೋಮಾರಿತನ ಎನ್ನಲಾಗದು. ಇನ್ನು ಕುಡಿತ: ಅರ್ಥಶಾಸ್ತ್ರಜ್ಞರಾದ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೋವಾ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇಂಥ ಹಣದಿಂದ ಹೆಂಡ–ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ನಿಮ್ಮ ಬೀದಿಯಲ್ಲಿ ಒಬ್ಬ ಕುಡಿಯುತ್ತಿರಬಹುದು. ಎರಡು ಸಾವಿರ ಬರುವ ಮೊದಲೂ ಅವನು ಕುಡಿಯುತ್ತಿದ್ದನೇ ಎಂದು ಕೇಳಿ ನೋಡಿ.

ಪ್ರಶ್ನೆ: ಪಿಎಂ ಕಿಸಾನ್ ಒಂದು ಕಂತಲ್ಲಿ ಒಂದು ಎಕರೆ ಭತ್ತದ ಗೊಬ್ಬರ ಆಗುತ್ತಾ?
(ರೈತರು, ಟಿ. ನರಸೀಪುರ)

ಉತ್ತರ: ಪೊಟ್ಯಾಷ್ ಬಿಟ್ಟರೆ ಆಗುತ್ತದೆ. ನೀರಾವರಿ ಭತ್ತಕ್ಕೆ ಎಕರೆಗೆ 40 ಕಿಲೋ ಸಾರಜನಕ, 20 ರಂಜಕ, 20 ಪೊಟ್ಯಾಷ್ ಎಂಬ ಶಿಫಾರಸು ಹಿಡಿದರೆ, ಡಿಎಪಿ 43 ಕಿಲೋ, ಯೂರಿಯಾ 70 ಕಿಲೋ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 33 ಕಿಲೋ. 50 ಕಿಲೋ ಡಿಎಪಿ ಚೀಲ 1,350; 45 ಕಿಲೋ ಯೂರಿಯಾ ಚೀಲ 266.50, ಎರಡು ಚೀಲಕ್ಕೆ 533. ಅಲ್ಲಿಗೆ 1,883 ಆಯಿತು. ನಾಟಿಯ ಹೊತ್ತಿಗೆ ಡಿಎಪಿ, ಪೊಟ್ಯಾಷ್ ಪೂರ್ತಿ, ಯೂರಿಯಾ 26 ಕಿಲೋ. ತೆಂಡೆಯೊಡೆಯುವಾಗ 22, ತೆನೆ ಕಟ್ಟುವ ಮೊದಲು 22. ಸತುವಿನ ಸಲ್ಫೇಟ್ ಹಾಕುವುದಿದ್ದರೆ ಡಿಎಪಿ ಜೊತೆ ಬೆರೆಸಬೇಡಿ, ರಂಜಕ ಸತುವನ್ನು ಕಟ್ಟಿಹಾಕುತ್ತದೆ.

ಆದರೆ ಕಂತು ನಿಮ್ಮ ನಾಟಿಗೆ ಕಾದು ಬರುವುದಿಲ್ಲ. ಏಪ್ರಿಲ್–ಜುಲೈ ಕಂತು 2024ರಲ್ಲಿ ಜೂನ್ 18ಕ್ಕೆ ಬಂತು, 2025ರಲ್ಲಿ ಆಗಸ್ಟ್ 2ಕ್ಕೆ. ಆದ್ದರಿಂದ ಡಿಸೆಂಬರ್–ಮಾರ್ಚ್ ಕಂತನ್ನು ಮುಟ್ಟದೆ ಇಟ್ಟು ಮುಂಗಾರಿನ ಗೊಬ್ಬರಕ್ಕೆ ಬಳಸಿ, ತಡವಾಗಿ ಬಂದದ್ದು ಮುಂದಿನದಕ್ಕಿರಲಿ. ಡಿಎಪಿ ಬೇಕಾದರೆ ಈ ಡಬ್ಬವನ್ನೂ ತಗೊಳ್ಳಿ ಎಂದು ಕೆಲವು ಅಂಗಡಿಗಳಲ್ಲಿ ಕಟ್ಟುತ್ತಾರೆ, ತೆಗೆದುಕೊಳ್ಳಲೇಬೇಕೆಂದಿಲ್ಲ. ಹೆಬ್ಬೆಟ್ಟೊತ್ತುವ ಯಂತ್ರದ ರಸೀದಿ ಕೇಳಿ ಪಡೆಯಿರಿ.

ಪ್ರಶ್ನೆ: ಪಿಎಂ ಕಿಸಾನ್ ಅಪ್ಪನ ಹೆಸರಲ್ಲಿ ಬರ್ತಿತ್ತು. ಅವರು ತೀರಿಕೊಂಡರು. ನನಗೆ ಬರುತ್ತಾ?
(ಯುವ ರೈತ, ನಾಗಮಂಗಲ)

ಉತ್ತರ: ತಾನಾಗಿ ಬರುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟುಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಅರ್ಜಿ ಹಾಕಿ, ಪಹಣಿಯಲ್ಲಿ ನಿಮ್ಮ ಹೆಸರು ಬಂದ ಮೇಲೆ ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಮಾಡಿಸಿ ಹೊಸದಾಗಿ ನೋಂದಾಯಿಸಬೇಕು. 2019ರ ಫೆಬ್ರವರಿ 1ರ ನಂತರ ಹೆಸರು ಬದಲಾದ ಜಮೀನಿಗೆ ತಡೆಯಿದೆ. ಖಾತೆದಾರರು ತೀರಿಕೊಂಡು ವಾರಸುದಾರರಿಗೆ ಬಂದದ್ದಕ್ಕೆ ವಿನಾಯಿತಿ. ಅಪ್ಪನ ಖಾತೆಗೆ ಈಗಲೂ ಕಂತು ಬೀಳುತ್ತಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಮೊದಲೇ ತಿಳಿಸಿ, ಆಮೇಲೆ ವಸೂಲಿಯ ನೋಟಿಸ್ ಬರುವುದು ಬೇಡ.

ನೋಂದಣಿಯಾಗಿಯೂ ಹಣ ನಿಂತಿರುವ ಉಳಿದವರು ಮೂರನ್ನು ನೋಡಿ: ಇ–ಕೆವೈಸಿ ಆಗಿದೆಯೇ, ಜಮೀನಿನ ವಿವರ ಜೋಡಣೆಯಾಗಿದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ. ಮೂರನೆಯದರಲ್ಲೇ ಹೆಚ್ಚು ಗೊಂದಲ. ಹಣ ಹೋಗುವುದು ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಯಾರೋ ಶಿಬಿರದಲ್ಲಿ ಹೊಸ ಖಾತೆ ಮಾಡಿಸಿದ್ದರೆ ಹಣ ಅಲ್ಲಿ ಕೂತಿರಬಹುದು. ಹಳ್ಳಿಯಲ್ಲಿ ಹೆಬ್ಬೆಟ್ಟೊತ್ತಿ ಹಣ ತೆಗೆಯುವವರಿಗೂ ಒಂದು ಮಾತು: ‘ಫೇಲ್ ಆಯ್ತು, ಇನ್ನೊಂದ್ಸಲ ಒತ್ತಿ’ ಎಂದರೆ ಮೊದಲು ರಸೀದಿ ನೋಡಿ, ಇಲ್ಲವೇ ಮೊಬೈಲಿಗೆ ಸಂದೇಶ ಬರಲಿ. ಬೆರಳಚ್ಚನ್ನು ಆಧಾರ್ ಆ್ಯಪಿನಲ್ಲಿ ಲಾಕ್ ಮಾಡಿಡಬಹುದು; ಹಣ ತೆಗೆಯುವಾಗ ಮಾತ್ರ ತೆರೆದರೆ ಸಾಕು.

ಪ್ರಶ್ನೆ: ನಾವು ಬೇರೆಯವರ ಗದ್ದೆ ವಾರಕ್ಕೆ (ಬೆಳೆಯ ಪಾಲಿಗೆ) ಮಾಡುವವರು. ನಮಗೆ ಯಾವುದು?
(ಮಳವಳ್ಳಿ)

ಉತ್ತರ: ಪಿಎಂ ಕಿಸಾನ್ ಇಲ್ಲ, ಅದು ಪಹಣಿಯ ಹೆಸರಿಗೆ ಮಾತ್ರ. ಒಡಿಶಾದ ‘ಕಾಲಿಯಾ’ ಯೋಜನೆಯಲ್ಲಿ ಭೂಮಿಯಿಲ್ಲದವರನ್ನೂ ಸೇರಿಸಿದ್ದರು, ನಮ್ಮಲ್ಲಿ ಹಾಗಿಲ್ಲ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಗೃಹಲಕ್ಷ್ಮಿಗೆ ಜಮೀನು ಬೇಕಿಲ್ಲ, ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರಬೇಕು. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು.

ಪ್ರಶ್ನೆ: ತಿಂಗಳು ತಿಂಗಳು ಚಿಲ್ಲರೆ ಕೊಡುವ ಬದಲು ವರ್ಷಕ್ಕೊಮ್ಮೆ 24,000 ಒಟ್ಟಿಗೆ ಕೊಟ್ಟರೆ ಒಳ್ಳೆಯದಲ್ಲವೇ?
(ಕಬ್ಬು ಬೆಳೆಗಾರರು, ಕೆ.ಆರ್. ಪೇಟೆ)

ಉತ್ತರ: ಕೀನ್ಯಾದ ರಾರಿಯೇಡಾದಲ್ಲಿ ‘ಗಿವ್‌ಡೈರೆಕ್ಟ್ಲಿ’ ಸಂಸ್ಥೆ ಎರಡೂ ರೀತಿ ಕೊಟ್ಟಿತ್ತು. 2016ರಲ್ಲಿ ಪ್ರಕಟವಾದ ಅದರ ಅಧ್ಯಯನದ ಪ್ರಕಾರ, ಒಟ್ಟಿಗೆ ಪಡೆದವರು ತಗಡಿನ ಮಾಡಿನಂಥ ಬಾಳಿಕೆಯ ವಸ್ತುಗಳಿಗೆ ಹೆಚ್ಚು ಹಾಕಿದರು. ತಿಂಗಳು ತಿಂಗಳು ಪಡೆದವರ ಮನೆಯಲ್ಲಿ ಊಟದ ಕೊರತೆ ಇಳಿಯಿತು. ಯಾವುದು ಮೇಲು ಎನ್ನುವುದು ಮನೆಯ ಆದಾಯ ಹೇಗೆ ಬರುತ್ತದೆ ಎಂಬುದರ ಮೇಲಿದೆ.

ಕಬ್ಬಿನವರಿಗೆ ಗಂಟು ಹೇಗೂ ವರ್ಷಕ್ಕೊಮ್ಮೆ ಬರುತ್ತದೆ. ನಡುವಿನ ಹನ್ನೆರಡು ತಿಂಗಳೇ ಕಷ್ಟ. ಶಾಲೆಯ ಫೀಸೋ ಆಸ್ಪತ್ರೆಯ ಖರ್ಚೋ ಬಂದಾಗ ಆಲೆಮನೆಯಲ್ಲಿ ಮುಂಗಡ ತೆಗೆದುಕೊಂಡರೆ, ಕಟಾವಿನ ಹೊತ್ತಿಗೆ ಕಬ್ಬು ಅವರು ಹೇಳಿದ ದರಕ್ಕೆ ಹೋಗುತ್ತದೆ. ಟನ್ನಿಗೆ ನೂರು ರೂಪಾಯಿ ಕಡಿಮೆ ಸಿಕ್ಕರೂ ನಲವತ್ತು ಟನ್ನಿಗೆ ನಾಲ್ಕು ಸಾವಿರ ಹೋಯಿತು, ಅಂದರೆ ಎರಡು ತಿಂಗಳ ಗೃಹಲಕ್ಷ್ಮಿ. ನಿಮ್ಮಂಥ ಮನೆಗೆ ಚಿಲ್ಲರೆಯೇ ಬೆಲೆಯುಳ್ಳದ್ದು. ಅದರಲ್ಲಿ 500ನ್ನು ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿಯಾದ ಆರ್‌ಡಿಗೆ ಹಾಕಿ. ಹನ್ನೆರಡು ಕಂತು ಕಟ್ಟಿದ ಮೇಲೆ ಇರುವ ಹಣದ ಅರ್ಧದವರೆಗೆ ಅಲ್ಲೇ ಸಾಲ ಸಿಗುತ್ತದೆ. ನೋಂದಣಿಯಿಲ್ಲದ ಚೀಟಿಗೆ ಮಾತ್ರ ಹಾಕಬೇಡಿ. ನಡೆಸುವವರು ಎಷ್ಟೇ ಹತ್ತಿರದ ನೆಂಟರಾಗಿರಲಿ.